ಉಪ್ಪು ತಿಂದವರಾರು, ನೀರು ಕುಡಿಯುವವರಾರು?

ದಂಡಿನ ಪಿಕಪ್ ಗಾಡಿಗಳ ತುಕ್ಕೂ ನಮ್ಮ ಕಾನೂನಿನ ಲೆಕ್ಕವೂ

ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬುದು ನಮ್ಮ ಹಿರಿಯರ ಗಾದೆ. ಅದನ್ನು ಕಟ್ಟಿದವರು ನ್ಯಾಯವಂತರು. ತಿಂದವನೇ ಕುಡಿಯಬೇಕು, ಬೇರೆಯವನಲ್ಲ, ಎಂದು ಅವರು ನಂಬಿದ್ದರು. ಬೆಂಗಳೂರಿನ ದಂಡು ಪ್ರದೇಶಕ್ಕೆ ಒಮ್ಮೆ ಬಂದು ನೋಡಿದ್ದರೆ ಆ ಹಿರಿಯರು ಗಾದೆಯನ್ನು ತಿದ್ದಿ ಬರೆಯುತ್ತಿದ್ದರೋ ಏನೋ! ಶಿವಾಜಿನಗರದಲ್ಲಿ, ಹಲಸೂರಿನಲ್ಲಿ, ಕೃಷ್ಣರಾಜಪುರದ ಸಂತೆಯ ಬೀದಿಯಲ್ಲಿ ಉಪ್ಪಿನ ಲಾಭ ತಿನ್ನುವವರು ಒಬ್ಬರು; ಆ ಉಪ್ಪಿನ ನೀರು ಕುಡಿದು ಸಾಯುತ್ತಿರುವವನು ಇನ್ನೊಬ್ಬ. ಆ ಇನ್ನೊಬ್ಬನೇ ಹಳೆಯ ಪಿಕಪ್ ಗಾಡಿಯ ಒಡೆಯನೂ ಚಾಲಕನೂ ಕೂಲಿಯೂ ಆಗಿರುವ ಬಡವ.

ಮೊನ್ನೆ ರಸಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯೊಂದರಲ್ಲಿ ವೆಲ್ಡಿಂಗ್ ಶೆಡ್ಡಿನ ಮುಂದೆ ನಿಂತಿದ್ದೆವು. ಹದಿನಾಲ್ಕು ವರ್ಷ ದುಡಿದ ಒಂದು ಪಿಕಪ್ಪನ್ನು ಜಾಕಿಯ ಮೇಲೆ ಎತ್ತಿ ನಿಲ್ಲಿಸಿದ್ದರು. ಮೇಸ್ತ್ರಿ ಕೆಳಗೆ ಮಲಗಿ, ಹಿಂದಿನ ಕಮಾನು ಪಟ್ಟಿಗಳು ಚಾಸಿಗೆ ಸೇರುವ ಜಾಗಕ್ಕೆ ಸ್ಕ್ರೂಡ್ರೈವರ್ ಇಟ್ಟು ಒತ್ತಿದ. ನೆನೆದ ಹಪ್ಪಳಕ್ಕೆ ಬೆರಳು ಹೋದಂತೆ ಅದು ಒಳಗೆ ಹೋಯಿತು. ಅಂಗೈಯಗಲ ಕಬ್ಬಿಣ ಚಕ್ಕೆ ಚಕ್ಕೆಯಾಗಿ ಅವನ ಎದೆಯ ಮೇಲೆ ಉದುರಿತು.

“ಭಾಯ್, ಹೇಗಾದ್ರೂ ಒಂದು ಪ್ಯಾಚ್ ಹಾಕಿಬಿಡಿ. ಸೋಮವಾರ ಎಫ್.ಸಿ. ಇದೆ,” ಎಂದ ಗಾಡಿಯವನು.

“ಹಾಕ್ತೀನಿ ಅಣ್ಣಾ, ಹಾಕೋದೇನು ದೊಡ್ಡದು? ಆದ್ರೆ ವೆಲ್ಡಿಂಗ್ ಹಿಡಿಯೋಕೆ ಕಬ್ಬಿಣ ಬೇಕಲ್ಲ. ಇಲ್ಲಿ ಕಬ್ಬಿಣ ಎಲ್ಲಿದೆ?” ಎಂದ ಮೇಸ್ತ್ರಿ.

ಅದಕ್ಕೆ ಒಂದು ವಾರದ ಹಿಂದೆ ಆ ಗಾಡಿಯ ಇನ್ನೊಂದು ಬದಿಯ ಬ್ರಾಕೆಟ್ಟು ಹಲಸೂರಿನ ತಿರುವಿನಲ್ಲಿ ಕಿತ್ತು ಬಂದಿತ್ತಂತೆ. ಹಿಂದಿನ ಎಕ್ಸೆಲ್ ಓರೆಯಾಗಿ, ಗಾಡಿ ಫುಟ್‌ಪಾತಿನ ಕಡೆಗೆ ಎಳೆದುಕೊಂಡು ಹೋಗಿ ನಿಂತಿತಂತೆ. ಬೆಳಗಿನ ಜಾವ, ಗಾಡಿ ಖಾಲಿ, ಫುಟ್‌ಪಾತಿನಲ್ಲಿ ಯಾರೂ ಇರಲಿಲ್ಲ. ಈ ಮೂರರಲ್ಲಿ ಒಂದು ತಪ್ಪಿದ್ದರೂ ಮರುದಿನ ಪತ್ರಿಕೆಯಲ್ಲಿ ‘ಚಾಲಕನ ಅಜಾಗರೂಕತೆ’ ಎಂದು ಎರಡು ಸಾಲು ಬರುತ್ತಿತ್ತು. ಉಪ್ಪಿನ ಮಾತು, ತುಕ್ಕಿನ ಮಾತು ಯಾರೂ ಆಡುತ್ತಿರಲಿಲ್ಲ.

ಗಿರಣಿಯಲ್ಲಿ ದುಡಿಯುವ ಬಂಧುಗಳೇ, ಸಣ್ಣ ಅಂಗಡಿ ಇಟ್ಟ ವ್ಯಾಪಾರಿ ಮಿತ್ರರೇ! ಗಾಡಿ ನಮ್ಮದಲ್ಲ, ನಮಗೇಕೆ ಈ ಚಿಂತೆ ಎನ್ನಬೇಡಿ. ನೀವು ನೂತ ನೂಲಿನ ಮೂಟೆಯೂ, ನೀವು ಮಾರುವ ಎಣ್ಣೆಯ ಡಬ್ಬವೂ ಕೊನೆಯ ಹತ್ತು ಮೈಲಿ ಓಡುವುದು ಇಂತಹ ಗಾಡಿಯ ಮೇಲೆಯೇ. ಕೊನೆಯ ಬಸ್ಸು ತಪ್ಪಿದ ರಾತ್ರಿ ಪಾಳಿಯ ಕೂಲಿಗಳು ಹಿಂದಿನ ಹಲಗೆ ಹಿಡಿದು ನಿಲ್ಲುವುದೂ ಇದರ ಮೇಲೆಯೇ. ರಸ್ತೆಯ ಬದಿಯಲ್ಲಿ ನಡೆದುಹೋಗುವ ಮಗು ನಿಮ್ಮದೂ ಆಗಿರಬಹುದು.

ಸಮುದ್ರವಿಲ್ಲದ ಊರಿಗೆ ಉಪ್ಪು ಎಲ್ಲಿಂದ?

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ. ಮಂಗಳೂರಿಗೂ ಚೆನ್ನೈಗೂ ಇಲ್ಲಿಂದ ಸುಮಾರು 350 ಕಿಲೋಮೀಟರು ರಸ್ತೆ. ಕಡಲ ಗಾಳಿ ಇಲ್ಲಿಗೆ ಬೀಸುವುದಿಲ್ಲ. ಅಮೆರಿಕದ ಉತ್ತರದ ಸೀಮೆಗಳಲ್ಲಿ ಚಳಿಗಾಲದಲ್ಲಿ ರಸ್ತೆಯ ಹಿಮ ಕರಗಿಸಲು ಉಪ್ಪು ಸುರಿಯುತ್ತಾರೆ. ಅಲ್ಲಿ ಗಾಡಿಯ ಹೊಟ್ಟೆಗೆ ತುಕ್ಕು ಹಿಡಿಯುವುದು ಆ ಉಪ್ಪಿನಿಂದ. ಇಲ್ಲಿ ಹಿಮವೂ ಇಲ್ಲ, ರಸ್ತೆಗೆ ಉಪ್ಪು ಸುರಿಯುವವರೂ ಇಲ್ಲ. ಹಾಗಾದರೆ ನಮ್ಮ ಗಾಡಿಗಳನ್ನು ತಿನ್ನುತ್ತಿರುವ ಉಪ್ಪು ಎಲ್ಲಿಯದು?

ಅದು ರಸ್ತೆಯಲ್ಲಿಲ್ಲ, ಸರಕಿನಲ್ಲಿದೆ.

ಮಲ್ಪೆ, ಮಂಗಳೂರು, ಚೆನ್ನೈ ಕಡೆಯಿಂದ ದೊಡ್ಡ ಲಾರಿಗಳಲ್ಲಿ ಬಂದ ಮೀನು ಶಿವಾಜಿನಗರದಲ್ಲಿ ಇಳಿಯುತ್ತದೆ. ಅಲ್ಲಿಂದ ಹೋಟೆಲುಗಳಿಗೆ, ಹಲಸೂರು, ಇಂದಿರಾನಗರ, ಕೆ.ಆರ್. ಪುರದ ಅಂಗಡಿಗಳಿಗೆ ಸಾಗಿಸುವವು ಪಿಕಪ್ಪುಗಳು, ಸಣ್ಣ ಟೆಂಪೋಗಳು. ಪೆಟ್ಟಿಗೆಯಲ್ಲಿ ಕರಗಿದ ಮಂಜುಗಡ್ಡೆ ಮೀನಿನ ಉಪ್ಪುನೀರನ್ನು ಹೊತ್ತು ಹಲಗೆಯ ಸಂದಿಯಿಂದ ಚಾಸಿಯ ಮೇಲೆ ತೊಟ್ಟಿಕ್ಕುತ್ತದೆ. ದಿನವೂ ತೊಟ್ಟಿಕ್ಕುತ್ತದೆ. ಟ್ಯಾನರಿ ರಸ್ತೆಯ ಕಡೆಗೆ ಹೋಗುವ ಹಸಿ ಚರ್ಮ ಕೆಡದಿರಲೆಂದು ಉಪ್ಪು ತಿಕ್ಕಿಯೇ ಕಟ್ಟಿರುತ್ತಾರೆ. ಆ ಉಪ್ಪು ಕರಗಿ ಇಳಿಯುವುದೂ ಅದೇ ಚಾಸಿಗೆ. ನಗರದ ಹಸಿ ಕಸ ಹೊರುವ ಗಾಡಿಗಳಲ್ಲಿ ಕೊಳೆನೀರು ಇಳಿಯುತ್ತದೆ. ಕಾವೇರಿ ನೀರು ಸಾಲದ ಪೂರ್ವದ ಬಡಾವಣೆಗಳಿಗೆ ನೀರು ಹೊರುವ ಗಾಡಿಗಳ ಹೊಟ್ಟೆ ಬೇಸಗೆಯಲ್ಲೂ ಒಣಗುವುದಿಲ್ಲ. ಇದರ ಮೇಲೆ 2022ರ ಸೆಪ್ಟೆಂಬರಿನಲ್ಲಿ ಮಹದೇವಪುರ, ಬೆಳ್ಳಂದೂರು ಕಡೆಗಳಲ್ಲಿ ನೆರೆ ಬಂದಾಗ ಮೋರಿಯ ನೀರಿನಲ್ಲಿ ಮುಳುಗಿ ನಿಂತ ಗಾಡಿಗಳೆಷ್ಟೋ! ಶ್ರೀಮಂತರ ಕಾರುಗಳ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಸರಕು ಗಾಡಿಯವನು ಕೆಸರು ತೊಳೆದು ಮರುದಿನವೇ ಬಾಡಿಗೆಗೆ ಹೋದ.

ತುಕ್ಕು ಎಂದರೇನು? ಕಬ್ಬಿಣವು ನೀರು ಮತ್ತು ಗಾಳಿಯಲ್ಲಿನ ಆಮ್ಲಜನಕದೊಡನೆ ಸೇರಿ ಮತ್ತೆ ಮಣ್ಣಾಗುವ ಕ್ರಿಯೆ, ಅಷ್ಟೆ. ನೀರಿನಲ್ಲಿ ಉಪ್ಪು ಬೆರೆತರೆ ವಿದ್ಯುತ್ತು ಸುಲಭವಾಗಿ ಹರಿದು ಈ ಕ್ರಿಯೆಯ ವೇಗ ಹೆಚ್ಚುತ್ತದೆ. ಉಪ್ಪಿಗೆ ತೇವವನ್ನು ಹಿಡಿದಿಡುವ ಗುಣವೂ ಉಂಟು. ಮಳೆ ನಿಂತ ಮೇಲೂ ಅದು ಕಬ್ಬಿಣವನ್ನು ಒಣಗಗೊಡುವುದಿಲ್ಲ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಒಂದರ ಮೇಲೊಂದು ಕೂತ ಎರಡು ತಗಡುಗಳ ನಡುವೆ ಅದು ಊದಿಕೊಂಡು, ರಿವೆಟ್ಟನ್ನು ಎಳೆದು, ತಗಡನ್ನು ಬಗ್ಗಿಸಿ ಸಂದಿ ಮಾಡುತ್ತದೆ. ಆ ಸಂದಿಗೆ ಮತ್ತೆ ನೀರು ಇಳಿಯುತ್ತದೆ.

ಗಾಡಿ ಮುರಿಯುವ ಬಗೆ

ಪಿಕಪ್ಪಿನ ಬೆನ್ನೆಲುಬು ಚಾಸಿ. ಏಣಿಯಂತೆ ಎರಡು ಉದ್ದನೆಯ ತೊಲೆ, ನಡುವೆ ಅಡ್ಡಪಟ್ಟಿಗಳು. ಈ ತೊಲೆಗಳಿಗೆ ಬ್ರಾಕೆಟ್ಟುಗಳ ಮೂಲಕ ಕಮಾನು ಪಟ್ಟಿಗಳನ್ನು ನೇತು ಹಾಕಿರುತ್ತಾರೆ. ಪಟ್ಟಿಗಳಿಗೆ ಯು-ಬೋಲ್ಟಿನಿಂದ ಎಕ್ಸೆಲ್ ಕಟ್ಟಿರುತ್ತದೆ. ಹೊತ್ತ ಸರಕಿನ ಭಾರವೆಲ್ಲ ಚಕ್ರಕ್ಕೆ ಇಳಿಯುವುದು ಈ ನಾಲ್ಕಾರು ಬ್ರಾಕೆಟ್ಟುಗಳ ಮೂಲಕವೇ. ಪ್ರತಿ ಗುಂಡಿಯ ಪೆಟ್ಟೂ ಮೇಲೇರಿ ಬರುವುದು ಅವುಗಳ ಮೂಲಕವೇ. ದುರ್ದೈವವೆಂದರೆ ಕೆಸರು ಕೂಡಿಕೊಳ್ಳುವುದೂ, ಸರಕಿನ ನೀರು ನಿಲ್ಲುವುದೂ ಅಲ್ಲಿಯೇ. ನಾಲ್ಕೂ ಕಡೆ ಮುಚ್ಚಿದ ಪೆಟ್ಟಿಗೆಯಂಥ ತೊಲೆಯಾದರೆ ಇನ್ನೂ ಅಪಾಯ: ನೀರು ಇಳಿಯುವ ತೂತು ಕೆಸರಿನಿಂದ ಮುಚ್ಚಿಹೋದರೆ ಒಳಗಿನಿಂದಲೇ ಕೊರೆಯುತ್ತದೆ. ಹೊರಗೆ ಕರಿಯ ಬಣ್ಣ ಮಿರಮಿರ ಮಿಂಚುತ್ತಿರುತ್ತದೆ.

ಕಮಾನು ಪಟ್ಟಿಯ ಕಥೆ ಬೇರೆ. ಅದು ಹದ ಹಾಕಿದ ಉಕ್ಕು. ಪಟ್ಟಿಗಳ ನಡುವೆ ತುಕ್ಕು ಕೂತರೆ ಅವು ಒಂದರ ಮೇಲೊಂದು ಜಾರುವುದಿಲ್ಲ. ಮೈಮೇಲೆ ಸಾಸಿವೆಯಷ್ಟು ಕುಳಿ ಬಿದ್ದರೂ ಸಾಕು, ಬಗ್ಗಿ ಏಳುವ ಪ್ರತಿ ಸಲವೂ ಆ ಕುಳಿಯ ತಳದಿಂದ ಬಿರುಕು ಕೂದಲೆಳೆಯಷ್ಟು ಮುಂದೆ ಸಾಗುತ್ತದೆ. ಕೊನೆಗೊಂದು ದಿನ ಪ್ಲೇಟು ಕಟ್ಟಾಗುತ್ತದೆ. ಬಡ ಚಾಲಕ ಅದಕ್ಕೆ ವೆಲ್ಡಿಂಗ್ ಹಾಕಿಸುತ್ತಾನೆ. ವೆಲ್ಡಿಂಗಿನ ಬೆಂಕಿ ಉಕ್ಕಿನ ಹದವನ್ನೇ ಕೆಡಿಸುತ್ತದೆ. ಪಟ್ಟಿ ಎರಡನೆಯ ಸಲ ಅದರ ಪಕ್ಕದಲ್ಲೇ ಮುರಿಯುತ್ತದೆ.

ಗುಂಡಿ ರಸ್ತೆ ಮತ್ತು ಮಿತಿಮೀರಿದ ಹೊರೆ ಇವೆರಡೂ ಕೂಡಿದಾಗ ಕೆಲಸ ಇನ್ನೂ ಬೇಗ ಮುಗಿಯುತ್ತದೆ. ಹೊರೆ ಇಮ್ಮಡಿಯಾದರೆ ಕಬ್ಬಿಣದ ಆಯುಸ್ಸು ಅರ್ಧವಾಗುವುದಿಲ್ಲ. ಅದಕ್ಕಿಂತ ಎಷ್ಟೋ ಪಾಲು ಇಳಿಯುತ್ತದೆ. ಹಳೇ ಮದರಾಸು ರಸ್ತೆಯಲ್ಲಿ ಟಿನ್ ಫ್ಯಾಕ್ಟರಿಯಿಂದ ಕೆ.ಆರ್. ಪುರದವರೆಗೆ ಒಮ್ಮೆ ಹಿಂದಿನ ಹಲಗೆಯ ಮೇಲೆ ಕೂತು ಪ್ರಯಾಣ ಮಾಡಿದವನಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಏಳು ಮತ್ತು ಎಂಟರ ಲೆಕ್ಕ

ಈಗ ಕಾನೂನಿನ ಕಡೆಗೆ ಬನ್ನಿ. ಓದುಗರು ಎರಡೇ ಎರಡು ಅಂಕಿಗಳನ್ನು ನೆನಪಿನಲ್ಲಿಡಬೇಕು: 7 ಮತ್ತು 8.

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದು, ತಯಾರಿಕೆಯಲ್ಲಿ ದೋಷವಿರುವ ಗಾಡಿಗಳನ್ನು ಹಿಂದಕ್ಕೆ ಕರೆಸಿ ಸರಿಪಡಿಸಿಕೊಡುವಂತೆ ಕಂಪನಿಗಳಿಗೆ ಆಜ್ಞೆ ಮಾಡುವ ಅಧಿಕಾರವನ್ನು ಕೇಂದ್ರ ಸರಕಾರಕ್ಕೆ ಕೊಟ್ಟರು. ಒಳ್ಳೆಯ ಕೆಲಸ. ಇದಕ್ಕೆ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಆದರೆ ಆ ನಿಯಮ ಅನ್ವಯಿಸುವುದು ಯಾವ ಗಾಡಿಗಳಿಗೆ? ಏಳು ವರ್ಷಕ್ಕಿಂತ ಕಡಿಮೆ ವಯಸ್ಸಿನ ಗಾಡಿಗಳಿಗೆ.

ಇನ್ನೊಂದು ನಿಯಮ ನೋಡಿ. ಸಾರಿಗೆ ವಾಹನಕ್ಕೆ ಅರ್ಹತಾ ಪತ್ರ, ಅಂದರೆ ಜನ ಎಫ್.ಸಿ. ಎನ್ನುವುದು, ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ. ಎಂಟು ದಾಟಿದ ಮೇಲೆ ಪ್ರತಿ ವರ್ಷ. ಇದೂ ತಪ್ಪಲ್ಲ, ಹಳೆಯ ಗಾಡಿಯನ್ನು ಹೆಚ್ಚು ಸಲ ನೋಡಬೇಕಾದದ್ದೇ.

ಎರಡನ್ನೂ ಪಕ್ಕ ಪಕ್ಕದಲ್ಲಿಟ್ಟು ನೋಡಿ! ಏಳನೆಯ ವರ್ಷಕ್ಕೆ ಕಂಪನಿಯ ಹೊಣೆ ಮುಗಿಯಿತು. ಎಂಟನೆಯ ವರ್ಷಕ್ಕೆ ಬಡವನ ವರ್ಷಾಂತರದ ಪರೀಕ್ಷೆ ಶುರುವಾಯಿತು. ತುಕ್ಕು ಚಾಸಿಯನ್ನು ತಿಂದು ಹೊರಗೆ ಕಾಣಿಸಿಕೊಳ್ಳುವುದು ಯಾವಾಗ? ಮೊದಲ ಐದಾರು ವರ್ಷದಲ್ಲಲ್ಲ, ಹತ್ತು ಹನ್ನೆರಡನೆಯ ವರ್ಷದಲ್ಲಿ. ಅಂದರೆ ಕಾರ್ಖಾನೆಯಲ್ಲಿ ಬಣ್ಣ ಸರಿಯಾಗಿ ಹಿಡಿಯದಿದ್ದರೂ, ನೀರು ಇಳಿಯುವ ತೂತು ತಪ್ಪು ಜಾಗದಲ್ಲಿದ್ದರೂ, ಆ ತಪ್ಪು ಬಯಲಾಗುವ ಹೊತ್ತಿಗೆ ತಪ್ಪು ಮಾಡಿದವನು ಕಾನೂನಿನ ಬಾಗಿಲು ದಾಟಿ ಹೋಗಿರುತ್ತಾನೆ. ಬಾಗಿಲಲ್ಲಿ ಸಿಕ್ಕಿಬೀಳುವವನು ಕೊಂಡವನು. ಅದೂ ಮೊದಲು ಕೊಂಡವನಲ್ಲ, ಅವನಿಂದ ಕೊಂಡವನ ಕೈಯಿಂದ ಕೊಂಡವನು!

ವಿಮೆಯ ಕಂಪನಿಗೆ ಹೋದರೆ ಏನಾಗುತ್ತದೆ? ಸವಕಳಿಯಿಂದ, ಯಂತ್ರದ ಕೆಡುವಿಕೆಯಿಂದ ಆದ ನಷ್ಟವನ್ನು ವಿಮಾಪತ್ರದಲ್ಲೇ ಹೊರಗಿಟ್ಟಿರುತ್ತಾರೆ. ತುಕ್ಕು ಸವಕಳಿಯ ಲೆಕ್ಕಕ್ಕೆ ಸೇರಿಬಿಡುತ್ತದೆ. ಕಾರ್ಮಿಕ ಕಾನೂನಿಗೆ ಹೋದರೆ? 1961ರಲ್ಲಿ ಬಂದ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಐವರು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿದ್ದ ಸಂಸ್ಥೆಗಳಿಗೆಂದು ಬರೆದದ್ದು. ಒಂಟಿ ಗಾಡಿಯವನು ಅಂದೇ ಅದರ ಹೊರಗೆ ಉಳಿದ. ಅವನನ್ನು ಮಾಲೀಕನೆಂದು ಕರೆಯುತ್ತಾರೆ. ಸಾಲದ ಕಂತು ಕಟ್ಟಿ, ಡೀಸೆಲ್ ಹಾಕಿಸಿ, ಕೂಲಿಯವನಿಗೆ ಕೊಟ್ಟು ಉಳಿದದ್ದರಲ್ಲಿ ರಾಗಿ ಕೊಳ್ಳುವ ಮಾಲೀಕ!

ಸಾಗರದಾಚೆ ನಡೆದದ್ದು

ಹಳೆಯ ಗಾಡಿಗೆ ತುಕ್ಕು ಹಿಡಿಯುವುದು ಸೃಷ್ಟಿ ನಿಯಮ, ಅದಕ್ಕೆ ಕಂಪನಿ ಏನು ಮಾಡೀತು ಎನ್ನುವ ಪಂಡಿತರಿದ್ದಾರೆ. ಅವರಿಗೆ ಅಮೆರಿಕದ ಒಂದು ಸಂಗತಿ ಹೇಳಬೇಕು. ಬಂಡವಾಳದ ತವರುಮನೆಯ ಸಂಗತಿಯಾದ್ದರಿಂದ ಅವರಿಗೆ ರುಚಿಸೀತು.

ಟೊಯೊಟ ಕಂಪನಿ ಅಲ್ಲಿ ಟಕೋಮ ಎಂಬ ಪಿಕಪ್ಪನ್ನು ಮಾರುತ್ತದೆ. 1995ರಿಂದ 2000ದವರೆಗಿನ ಟಕೋಮ ಗಾಡಿಗಳ ಚಾಸಿ ಉಪ್ಪಿನ ಸೀಮೆಗಳಲ್ಲಿ ತುಕ್ಕು ಹಿಡಿದು ತೂತು ಬೀಳತೊಡಗಿತು. ಗಾಡಿಯವರು ಸುಮ್ಮನಿರಲಿಲ್ಲ, ದೂರು ಕೊಟ್ಟರು, ಒಟ್ಟಾದರು. 2008ರಲ್ಲಿ ಕಂಪನಿಯು ಆ ಗಾಡಿಗಳ ಚಾಸಿಗೆ ಹದಿನೈದು ವರ್ಷದ ಖಾತರಿ ಕೊಡಬೇಕಾಯಿತು. ತೀರಾ ಕೆಟ್ಟವನ್ನು ಮಾರುಕಟ್ಟೆಯ ಬೆಲೆಯ ಒಂದೂವರೆ ಪಟ್ಟು ಕೊಟ್ಟು ಹಿಂದಕ್ಕೆ ಕೊಂಡಿತು. ಅಷ್ಟಕ್ಕೇ ಮುಗಿಯಲಿಲ್ಲ. ಅನಂತರದ ಮಾದರಿಗಳ ಒಡೆಯರೂ ಕೂಡಿ ನ್ಯಾಯಾಲಯಕ್ಕೆ ಹೋದರು. 2016ರಲ್ಲಿ ಸುಮಾರು 15 ಲಕ್ಷ ಗಾಡಿಗಳ ಬಗ್ಗೆ ರಾಜಿಯಾಯಿತು. ಗಾಡಿ ಮೊದಲು ಮಾರಾಟವಾದ ದಿನದಿಂದ ಹನ್ನೆರಡು ವರ್ಷದವರೆಗೆ ಚಾಸಿಯ ಪರೀಕ್ಷೆ. ಕೊರೆದುಹೋಗಿದ್ದರೆ ಹೊಸ ಚಾಸಿ. ಇದರ ವೆಚ್ಚ 340 ಕೋಟಿ ಡಾಲರಿನವರೆಗೂ ಆಗಬಹುದೆಂದು ಅಂದಾಜು ಮಾಡಿದರು. ತಾನು ತಪ್ಪು ಮಾಡಿಲ್ಲವೆಂದೇ ಕಂಪನಿ ಹೇಳುತ್ತಿತ್ತು. ಹೇಳುತ್ತಲೇ ಒಪ್ಪಿ ಸಹಿ ಹಾಕಿತು.

ಇದರಿಂದ ತಿಳಿಯುವುದೇನು? ತುಕ್ಕು ಸೃಷ್ಟಿ ನಿಯಮವಿರಬಹುದು. ಆದರೆ ಯಾವ ವರ್ಷದಲ್ಲಿ, ಯಾವ ಜಾಗದಲ್ಲಿ ಅದು ತಿನ್ನಬೇಕೆಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಕಾರ್ಖಾನೆಯ ಬಣ್ಣದ ತೊಟ್ಟಿ. ಹನ್ನೆರಡು, ಹದಿನೈದು ವರ್ಷದವರೆಗೆ ಚಾಸಿಯ ಹೊಣೆ ಹೊರಲು ಅಲ್ಲಿ ಸಾಧ್ಯವಾದದ್ದು ಇಲ್ಲಿ ಏಳಕ್ಕೇ ನಿಲ್ಲುವುದೇಕೆ? ನಮ್ಮ ಮಳೆ ಒಣ ಮಳೆಯೇ? ನಮ್ಮ ಮೀನಿಗೆ ಉಪ್ಪಿಲ್ಲವೇ? ಇಲ್ಲ ಸ್ವಾಮಿ, ಅಲ್ಲಿಯವರು ಒಟ್ಟಾದರು. ನಾವು ಒಬ್ಬೊಬ್ಬರೇ ವೆಲ್ಡಿಂಗ್ ಶೆಡ್ಡಿಗೆ ಹೋದೆವು. ವ್ಯತ್ಯಾಸ ಇಷ್ಟೇ.

ಗುಜರಿಯೇ ಔಷಧವೇ?

ನಮ್ಮ ಸರಕಾರದ ಔಷಧ ಬೇರೆ. 2021ರ ಆಗಸ್ಟಿನಲ್ಲಿ ಹಳೆಯ ವಾಹನಗಳ ಗುಜರಿ ನೀತಿಯನ್ನು ಉದ್ಘಾಟಿಸಿದರು. ಅದೇ ಅಕ್ಟೋಬರಿನ ಅಧಿಸೂಚನೆಯು 15 ವರ್ಷ ದಾಟಿದ ಲಘು ಸಾರಿಗೆ ಗಾಡಿಯ ಎಫ್.ಸಿ. ಶುಲ್ಕವನ್ನು 7,500 ರೂಪಾಯಿ ಎಂದೂ, ಮಧ್ಯಮ ಗಾಡಿಗೆ 10,000, ಭಾರಿ ಗಾಡಿಗೆ 12,500 ಎಂದೂ ಬರೆಯಿತು. 2022ರ ಏಪ್ರಿಲ್ 1 ಜಾರಿಯ ದಿನ. ಅವಧಿ ಮೀರಿದರೆ ದಿನಕ್ಕೆ 50 ರೂಪಾಯಿ ಬೇರೆ. 2025ರ ನವೆಂಬರಿನಲ್ಲಿ ಹೆಚ್ಚಿನ ಶುಲ್ಕದ ಗೆರೆಯನ್ನು 15 ವರ್ಷದಿಂದ 10 ವರ್ಷಕ್ಕೆ ಇಳಿಸಿದರು.

ಹಳೆಯ ಗಾಡಿ ರಸ್ತೆಯಲ್ಲಿ ಅಪಾಯವೆಂಬ ಮಾತನ್ನು ನಾವು ಅಲ್ಲಗಳೆಯುವುದಿಲ್ಲ. ಮೇಲೆ ಹೇಳಿದ ಆ ಪಿಕಪ್ಪು ರಸ್ತೆಗೆ ಇಳಿಯಬಾರದು. ಅದನ್ನು ಓಡಿಸುವ ಹಕ್ಕು ಯಾರಿಗೂ ಇಲ್ಲ, ಬಡವನಿಗೂ ಇಲ್ಲ. ನಮ್ಮ ತಕರಾರು ಬೇರೆ. ಶುಲ್ಕ ಏರಿಸಿದರೆ ಚಾಸಿ ಗಟ್ಟಿಯಾಗುತ್ತದೆಯೇ? ಏಳೂವರೆ ಸಾವಿರ ರೂಪಾಯಿ ಕಿತ್ತುಕೊಂಡರೆ ತುಕ್ಕು ಹೆದರಿ ಓಡುತ್ತದೆಯೇ? ಆಗುವುದು ತಿರುಗುಮುರುಗು. ಬ್ರಾಕೆಟ್ಟು ಬದಲಾಯಿಸಲು ಎತ್ತಿಟ್ಟ ಹಣ ಶುಲ್ಕಕ್ಕೆ ಹೋಗುತ್ತದೆ. ಬ್ರಾಕೆಟ್ಟಿಗೆ ಪ್ಯಾಚು ಬೀಳುತ್ತದೆ. ಪ್ಯಾಚಿನ ಮೇಲೆ ಕಪ್ಪು ಬಣ್ಣ. ಬಣ್ಣದ ಮೇಲೆ ಏಜೆಂಟನ ಕೈಬಿಸಿ. ತೀರಾ ಕೈಲಾಗದವನು ಎಫ್.ಸಿ. ಇಲ್ಲದೆಯೇ ರಾತ್ರಿ ಹೊತ್ತು ಓಡಿಸುತ್ತಾನೆ. ಅರ್ಹತಾ ಪತ್ರವಿಲ್ಲದ ಸಾರಿಗೆ ಗಾಡಿಗೆ ಸರಿಯಾದ ನೋಂದಣಿಯೇ ಇಲ್ಲವೆಂದು 1988ರ ಕಾಯ್ದೆಯ 56ನೆಯ ಕಲಮು ಪರಿಗಣಿಸುತ್ತದೆ. ಅಪಘಾತವಾದರೆ ಗಾಯಗೊಂಡವನ ಪರಿಹಾರಕ್ಕೂ ತೊಡಕು. ಅಂದರೆ ಹೆಚ್ಚಿದ ಶುಲ್ಕವು ಅಪಾಯವನ್ನು ರಸ್ತೆಯಿಂದ ತೆಗೆಯಲಿಲ್ಲ, ಕತ್ತಲೆಗೆ ತಳ್ಳಿತು.

ಗುಜರಿಗೆ ಹಾಕಿದವನಿಗೆ ಸಿಗುವುದೆಷ್ಟು? ನೀತಿಯು ಲೆಕ್ಕ ಹಾಕಿದ ಗುಜರಿ ಬೆಲೆ ಹೊಸ ಗಾಡಿಯ ಶೋರೂಮು ಬೆಲೆಯ ನೂರಕ್ಕೆ 4ರಿಂದ 6. ಉಳಿದ ರಿಯಾಯಿತಿಗಳೆಲ್ಲ ಹೊಸ ಗಾಡಿ ಕೊಳ್ಳುವವನಿಗೆ. ಹೊಸ ಗಾಡಿ ಕೊಳ್ಳಬಲ್ಲವನು ಹದಿನಾಲ್ಕು ವರ್ಷದ ಗಾಡಿಯನ್ನು ಏಕೆ ಓಡಿಸುತ್ತಿದ್ದ? 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಸಣ್ಣ ಸರಕು ಗಾಡಿ ಸಾವಿರಾರು ಬಡ ಮನೆಗಳಿಗೆ ಅನ್ನವಾಯಿತು. 2002ರಲ್ಲಿ ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್. ಮುಚ್ಚಿದಂತೆ ಪೂರ್ವ ಬೆಂಗಳೂರಿನಲ್ಲಿ ಕಾರ್ಖಾನೆಯ ಬಾಗಿಲುಗಳು ಮುಚ್ಚುತ್ತ ಹೋದ ಕಾಲವದು. ಸಂಬಳದ ಕೆಲಸ ಕೊಡಲಾರದವರು ಸಾಲದ ಗಾಡಿ ತೋರಿಸಿದರು. ಈಗ ಗಾಡಿ ಹಳತಾಯಿತು, ಅದನ್ನೂ ಬಿಡು ಎನ್ನುತ್ತಾರೆ. ಬಿಟ್ಟು ಹಿಡಿಯುವುದೇನನ್ನು?

ನಮ್ಮ ವಾದ ಸರಳ. ಗಾಡಿಯ ವಯಸ್ಸನ್ನು ನೋಡಬೇಡಿ, ಕಬ್ಬಿಣವನ್ನು ನೋಡಿ. ಒಣ ಸರಕು ಹೊತ್ತ ಇಪ್ಪತ್ತು ವರ್ಷದ ಗಾಡಿಯ ಚಾಸಿ ಗಟ್ಟಿಯಾಗಿರಬಹುದು; ಮೀನು ಹೊತ್ತ ಎಂಟು ವರ್ಷದ ಗಾಡಿಯದು ಜರಡಿಯಾಗಿರಬಹುದು. ಯಂತ್ರ ಬ್ರೇಕನ್ನು ಅಳೆಯುತ್ತದೆ, ಹೊಗೆಯನ್ನು ಅಳೆಯುತ್ತದೆ, ದೀಪವನ್ನು ಅಳೆಯುತ್ತದೆ. ಆದರೆ ಬ್ರಾಕೆಟ್ಟಿನ ಹಿಂದಿನ ತುಕ್ಕನ್ನು ಹಿಡಿಯಲು ಗುಂಡಿಯೊಳಗೆ ಇಳಿದು, ದೀಪ ಹಿಡಿದು, ಸುತ್ತಿಗೆಯಿಂದ ತಟ್ಟುವ ಮನುಷ್ಯ ಬೇಕು. ಅದಕ್ಕೆ ಬೇಕಾದ ಸಮಯವನ್ನು ಆ ನೌಕರನಿಗೂ ಕೊಡಬೇಕು.

ಹೊರೆ ಹೊರಿಸಿದವನೆಲ್ಲಿ?

ಇನ್ನೊಬ್ಬ ಮಹನೀಯನಿದ್ದಾನೆ, ಅವನ ಹೆಸರು ಯಾವ ದೂರಿನಲ್ಲೂ ಬರುವುದಿಲ್ಲ. ಅವನೇ ಸರಕಿನ ಒಡೆಯ. ಮಿತಿಮೀರಿ ಹೊರೆ ಹೊತ್ತ ಗಾಡಿಗೆ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವೆಂದು 2019ರ ತಿದ್ದುಪಡಿ ಬರೆಯಿತು. ಆ 194ನೆಯ ಕಲಮನ್ನು ಪೂರ್ತಿ ಓದಿ: ಅದು ಓಡಿಸಿದವನನ್ನು ಮಾತ್ರ ಹೆಸರಿಸುವುದಿಲ್ಲ, ಓಡಿಸಲು ಕಾರಣನಾದವನನ್ನೂ, ಓಡಿಸಗೊಟ್ಟವನನ್ನೂ ಹೆಸರಿಸುತ್ತದೆ. ಕಾನೂನಿನಲ್ಲಿ ಇರುವ ಈ ಮಾತು ರಸ್ತೆಗೆ ಬಂದೊಡನೆ ಎಲ್ಲಿ ಮಾಯವಾಗುತ್ತದೆ? ಗೋದಾಮಿನ ಮುಂದೆ ನಿಂತು “ಇನ್ನೂ ಹತ್ತು ಮೂಟೆ ಹಾಕು, ಇಲ್ಲದಿದ್ದರೆ ಬೇರೆ ಗಾಡಿ ಕರೆಯುತ್ತೇನೆ” ಎಂದವನು ಕಾರಣನಲ್ಲವೇ? ಸೋರುವ ಪೆಟ್ಟಿಗೆಯಲ್ಲಿ ಮೀನು ತುಂಬಿಸಿ, ಕೆಳಗೊಂದು ತಟ್ಟೆಯನ್ನೂ ಕೊಡದೆ, ಎಂದಿನ ಬಾಡಿಗೆಯನ್ನೇ ಕೊಡುವವನು ಆ ಗಾಡಿಯ ಚಾಸಿಯನ್ನು ದಿನಕ್ಕಿಷ್ಟು ತಿನ್ನುತ್ತಿಲ್ಲವೇ?

ಸಣ್ಣ ವ್ಯಾಪಾರಿಗಳೇ, ಇಲ್ಲಿ ನಿಮಗೂ ಒಂದು ಕಹಿ ಮಾತು. ಎರಡು ಬಾಡಿಗೆಯ ಸರಕನ್ನು ಒಂದೇ ಬಾಡಿಗೆಯಲ್ಲಿ ತರಿಸುವಾಗ ನೀವೂ ಆ ದೊಡ್ಡ ಗೋದಾಮಿನವನ ತಮ್ಮಂದಿರೇ. ಉಳಿಸಿದ ನೂರಿನ್ನೂರು ರೂಪಾಯಿ ಯಾರ ಬೆನ್ನಿನಿಂದ ಬಂತೆಂದು ಯೋಚಿಸಿ.

ನಮ್ಮವರಿಗೂ ಒಂದು ಮಾತು

ಬೇರೆಯವರನ್ನು ಬಯ್ದು ನಮ್ಮ ಮೈ ತೊಳೆದುಕೊಳ್ಳುವುದು ಈ ಪತ್ರಿಕೆಯ ಪದ್ಧತಿಯಲ್ಲ. ಗಾಡಿಯ ಸಂಗಾತಿಗಳೇ, ತುಕ್ಕಿನ ಮೇಲೆ ಬಣ್ಣ ಬಳಿದು ಇನ್ನೊಬ್ಬ ಬಡವನಿಗೆ ಮಾರುವುದು ಅನ್ಯಾಯ. ಕಾನೂನು ಬದಲಾಗುವವರೆಗೆ ಪ್ರಾಣ ಉಳಿಸಿಕೊಳ್ಳಲು ನಮ್ಮ ಕೈಯಲ್ಲೇ ಇರುವ ಕೆಲಸಗಳಿವೆ.

ಮೀನು, ಚರ್ಮ, ಹಸಿ ಕಸ ಹೊತ್ತ ದಿನ ಗಾಡಿಯ ಮೇಲ್ಮೈಗಿಂತ ಮೊದಲು ಹೊಟ್ಟೆಯನ್ನು ಸಿಹಿನೀರಿನಿಂದ ತೊಳೆಯಿರಿ. ಚಾಸಿಯ ತೂತುಗಳನ್ನು ತಂತಿಯಿಂದ ಬಿಡಿಸಿ. ಸರಕಿನ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಸು ಅಥವಾ ತಟ್ಟೆ ಇಟ್ಟು ನೀರನ್ನು ಹಿಂದಕ್ಕೆ ಹರಿಯಗೊಡಿ. ತಿಂಗಳಿಗೊಮ್ಮೆ ಬ್ರಾಕೆಟ್ಟು, ಶಾಕಲ್, ಯು-ಬೋಲ್ಟುಗಳನ್ನು ನೋಡಿ. ಚಾಸಿಯನ್ನು ಸುತ್ತಿಗೆಯಿಂದ ತಟ್ಟಿ. ಗಟ್ಟಿ ಕಬ್ಬಿಣ ಗಂಟೆಯಂತೆ ಠಣ್ ಎನ್ನುತ್ತದೆ. ಸತ್ತ ಕಬ್ಬಿಣ ಒದ್ದೆ ಮರದಂತೆ ಧಬ್ ಎನ್ನುತ್ತದೆ. ಗಾಡಿ ಒಂದು ಕಡೆಗೆ ವಾಲಿ ನಿಂತರೆ, ಕ್ಯಾಬಿನ್ನಿಗೂ ಹಿಂದಿನ ಬಾಡಿಗೂ ನಡುವಿನ ಸಂದಿ ಮೇಲೊಂದು ಕೆಳಗೊಂದು ಅಳತೆಯಾದರೆ, ನೇರ ರಸ್ತೆಯಲ್ಲಿ ಗಾಡಿ ಏಡಿಯಂತೆ ಓರೆಯಾಗಿ ಓಡಿದರೆ, ಗುಂಡಿಯಲ್ಲಿ ಹಿಂದಿನಿಂದ ಟಕ್ ಎಂಬ ಶಬ್ದ ಬಂದರೆ, ಆ ದಿನದ ಬಾಡಿಗೆ ಬಿಡಿ. ತುಕ್ಕನ್ನು ಕೆರೆದು ತೆಗೆಯದೆ ಮೇಲೆ ರೆಡ್ ಆಕ್ಸೈಡ್ ಬಳಿಯುವುದು ಹುಣ್ಣಿನ ಮೇಲೆ ಜರತಾರಿ ಹೊದಿಸಿದಂತೆ. ಹಳೆಯ ಎಂಜಿನ್ ಆಯಿಲ್ ಬಳಿಯುವವರು ರಬ್ಬರ್ ಬುಷ್‌ಗಳಿಗೆ ಅದು ತಾಗದಂತೆ ನೋಡಿಕೊಳ್ಳಿ. ಎಣ್ಣೆ ರಬ್ಬರನ್ನು ಊದಿಸಿ ಕೆಡಿಸುತ್ತದೆ. ಮುರಿದ ಕಮಾನು ಪಟ್ಟಿಗೆ ಎಂದೂ ವೆಲ್ಡಿಂಗ್ ಬೇಡ.

ಇವೆಲ್ಲ ಮಾಡಿದರೂ ಒಬ್ಬೊಬ್ಬನ ಎಚ್ಚರ ಒಂದು ಮಿತಿಯವರೆಗೆ ಮಾತ್ರ. ಆದ್ದರಿಂದ ಬೇಡಿಕೆಗಳನ್ನು ಸ್ಪಷ್ಟವಾಗಿ ಮುಂದಿಡಬೇಕಾಗಿದೆ:

1. ಚಾಸಿ ಮತ್ತು ಕಮಾನಿನ ಬ್ರಾಕೆಟ್ಟುಗಳ ಮಟ್ಟಿಗೆ ಕಂಪನಿಯ ಹೊಣೆಯನ್ನು ಏಳು ವರ್ಷಕ್ಕೆ ನಿಲ್ಲಿಸದೆ ಹದಿನೈದು ವರ್ಷಕ್ಕೆ ಏರಿಸಬೇಕು.

2. ಎಫ್.ಸಿ. ಶುಲ್ಕವನ್ನು ಗಾಡಿಯ ವಯಸ್ಸಿಗೆ ಕಟ್ಟಿ ಏರಿಸುವುದನ್ನು ನಿಲ್ಲಿಸಬೇಕು. ಒಂದೇ ಗಾಡಿಯ ಒಡೆಯನಾದ ಚಾಲಕನಿಗೆ ಚಾಸಿ ಪರೀಕ್ಷೆ ಉಚಿತವಾಗಬೇಕು.

3. ಪರೀಕ್ಷೆಯಲ್ಲಿ ಗುಂಡಿಯೊಳಗಿನಿಂದ ಚಾಸಿ ನೋಡಿ, ಕಂಡ ದೋಷವನ್ನು ಕನ್ನಡದಲ್ಲಿ ಬರೆದು ಗಾಡಿಯವನ ಕೈಗೆ ಕೊಡಬೇಕು. ‘ಫೇಲ್’ ಎಂಬ ಒಂದು ಮಾತಿನಿಂದ ರಿಪೇರಿಯಾಗುವುದಿಲ್ಲ.

4. ಮಿತಿಮೀರಿದ ಹೊರೆಯ ಪ್ರಕರಣದಲ್ಲಿ ಚಾಲಕನೊಡನೆ ಸರಕಿನ ಒಡೆಯನ ಮೇಲೂ ದೂರು ದಾಖಲಾಗಬೇಕು. ಉಪ್ಪುನೀರು ಸೋರುವ ಸರಕನ್ನು ತಟ್ಟೆಯಿಲ್ಲದೆ ತುಂಬಿಸಕೂಡದು.

5. ಮೀನು ಮಾರುಕಟ್ಟೆಯ ಬಳಿಯಲ್ಲಿ ಗಾಡಿಯ ತಳ ತೊಳೆಯುವ ಕಟ್ಟೆಯನ್ನು ನಗರಾಡಳಿತ ಕಟ್ಟಿಸಬೇಕು. ಸುಂಕ ಎತ್ತುವವರಿಗೆ ಒಂದು ನಲ್ಲಿ ಹಾಕಿಸುವುದು ಭಾರವಾಗಬಾರದು.

6. ಗಾಡಿ ನಿಜವಾಗಿಯೂ ಸತ್ತಿದ್ದರೆ ಅದರ ಚಾಲಕನಿಗೆ ಕಡಿಮೆ ಬಡ್ಡಿಯ ಸಾಲವನ್ನು ಸಹಕಾರಿ ಬ್ಯಾಂಕುಗಳ ಮೂಲಕ ಕೊಡಿಸಬೇಕು. ಗಾಡಿ ಕಸಿಯುವ ದಿನವೇ ಸಾಲ ಮಂಜೂರಾಗಬೇಕು, ಮರುವರ್ಷವಲ್ಲ.

ಇವುಗಳಲ್ಲಿ ಆಕಾಶದ ಚುಕ್ಕೆ ಕೇಳುವ ಬೇಡಿಕೆ ಯಾವುದಿದೆ? ಒಂದೂ ಇಲ್ಲ. ಆದರೂ ಇವು ತಾವಾಗಿ ಕೈಗೆ ಬರುವುದಿಲ್ಲ. ಶಿವಾಜಿನಗರದ ಸ್ಟ್ಯಾಂಡಿನವರು ಕೆ.ಆರ್. ಪುರದ ಸ್ಟ್ಯಾಂಡಿನವರನ್ನು ಬಾಡಿಗೆ ಕಸಿಯುವ ಶತ್ರುಗಳೆಂದು ನೋಡುವುದನ್ನು ಬಿಡಬೇಕು. ಮೊದಲ ಹೆಜ್ಜೆಯಾಗಿ ಮುರಿದ ಪ್ರತಿ ಬ್ರಾಕೆಟ್ಟಿನ ಚಿತ್ರ ತೆಗೆದು, ಗಾಡಿಯ ಮಾದರಿ, ವರ್ಷ, ಹೊತ್ತ ಸರಕು, ಮುರಿದ ಜಾಗ ಇವಿಷ್ಟನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಒಂದು ಗಾಡಿ ಮುರಿದರೆ ಅದು ಹಣೆಬರಹ. ಒಂದೇ ಮಾದರಿಯ ನೂರು ಗಾಡಿ ಒಂದೇ ಜಾಗದಲ್ಲಿ ಮುರಿದದ್ದು ಪುಸ್ತಕದಲ್ಲಿದ್ದರೆ ಅದು ಸಾಕ್ಷ್ಯ. ಅಮೆರಿಕದ ಗಾಡಿಯವರು ಗೆದ್ದದ್ದು ಇಂಥ ಸಾಕ್ಷ್ಯದಿಂದಲೇ.

ಆ ಮೇಸ್ತ್ರಿ ಕೊನೆಗೆ ಪ್ಯಾಚು ಹಾಕಲಿಲ್ಲ. “ನನ್ನ ಕೈಯಿಂದ ಬೇಡ ಅಣ್ಣಾ, ನಾಳೆ ಏನಾದ್ರೂ ಆದ್ರೆ ನಂಗೆ ನಿದ್ದೆ ಬರಲ್ಲ” ಎಂದ. ಗಾಡಿಯವನು ಏನೂ ಹೇಳದೆ ಜಾಕಿ ಇಳಿಸಿಕೊಂಡು ಮುಂದಿನ ಶೆಡ್ಡಿಗೆ ಹೋದ. ಮೇಸ್ತ್ರಿ ಕೂಲಿ ಕಳೆದುಕೊಂಡ, ಗಾಡಿಯವನು ಸಮಯ ಕಳೆದುಕೊಂಡ. ಗಾಡಿ ಮಾಡಿದವನು, ಉಪ್ಪು ತುಂಬಿಸಿದವನು, ಶುಲ್ಕ ಎಣಿಸಿಕೊಂಡವನು, ಇವರಲ್ಲಿ ಯಾರೂ ಅಂದು ಒಂದು ಕಾಸು ಕಳೆದುಕೊಳ್ಳಲಿಲ್ಲ. ಸೋಮವಾರ ಆ ಗಾಡಿಗೆ ಎಫ್.ಸಿ. ಆಗಿದ್ದರೆ ಅದು ಇಂದು ನಿಮ್ಮ ಬೀದಿಯಲ್ಲೇ ಓಡುತ್ತಿರಬಹುದು.